ಗುಂಗುರು ಗರಿಯ ಸೆಬಾಸ್ಟೊಪೋಲ್ ಹೆಬ್ಬಾತು: ನಮ್ಮ ಕಡೆಯ ಎರೆಮಣ್ಣು, ಬಿಸಿಲಲ್ಲಿ ಸಾಕೋದು ಹೇಗೆ?

ಹೊಳಲ್ಕೆರೆ_ತೋಟ:
ಎಲ್ಲರಿಗೂ ನಮಸ್ಕಾರ. ಅಡಿಕೆ ತೋಟದ ಪಕ್ಕ ಐದು ಗುಂಟೆ ಜಾಗ ಖಾಲಿ ಐತೆ. ಅಲ್ಲಿ ಸೆಬಾಸ್ಟೊಪೋಲ್ ಹೆಬ್ಬಾತು, ಒಂದು ಗಂಡು ಎರಡು ಹೆಣ್ಣು, ಇಡೋ ಲೆಕ್ಕಾಚಾರ. ಅರ್ಧ ಜಾಗ ಎರೆ, ಅರ್ಧ ಕೆಂಪು ಮಣ್ಣು. ಕೊಳವೆಬಾವಿ ನೀರು ಗಡಸು, ಅದೂ ಕರೆಂಟ್ ಇದ್ದಾಗ ಮಾತ್ರ. ಹೊಂಡ ತೋಡಿಸಲೇಬೇಕಾ? ಶೆಡ್ ಎಷ್ಟು ದೊಡ್ಡದಿರಬೇಕು? ನಾಟಿ ಬಾತಿಗೆ ಹಾಕೋ ಮೇವೇ ಸಾಕಾ? ಬಲ್ಲವರು ಅಳತೆ ಸಮೇತ ಹೇಳಿ.

ರೆಕ್ಕೆಪುಕ್ಕ_ದಾವಣಗೆರೆ:
ಹೊಂಡ ಬೇಡ. ಹೊಂಡ ತೋಡಿದ್ರೆ ಎರೆಮಣ್ಣಲ್ಲಿ ಮೂರೇ ವಾರಕ್ಕೆ ಅದು ಕೆಸರುಗುಂಡಿ ಆಗುತ್ತೆ, ಬಿಳಿ ಹಕ್ಕಿ ಎಮ್ಮೆ ಬಣ್ಣಕ್ಕೆ ತಿರುಗುತ್ತೆ.

ಮೊದಲು ಗರಿ ಅರ್ಥ ಮಾಡ್ಕೊಳ್ಳಿ. ಇದು ಯುರೋಪಿನ ಗ್ರೇಲ್ಯಾಗ್ ಅನ್ನೋ ಕಾಡು ಹೆಬ್ಬಾತಿನಿಂದ ಬಂದ ಸಾಕುತಳಿ. ಕಪ್ಪು ಸಮುದ್ರ, ಡ್ಯಾನ್ಯೂಬ್ ನದಿಯ ಸೀಮೆಯದು. ಇಂಗ್ಲೆಂಡಿನಲ್ಲಿ 1860ರಲ್ಲಿ ಪ್ರದರ್ಶನಕ್ಕೆ ಬಂತು. ಮಾಮೂಲಿ ಹೆಬ್ಬಾತಿನ ಗರಿ ನಡುವೆ ಗಟ್ಟಿ ಕಡ್ಡಿ ಇರುತ್ತೆ, ಎರಡು ಬದಿಯ ಎಳೆಗಳು ಒಂದಕ್ಕೊಂದು ಕೊಂಡಿ ಹಾಕ್ಕೊಂಡು ನೀರು ಒಳಗೆ ಬಿಡಲ್ಲ. ಸೆಬಾಸ್ಟೊಪೋಲ್‌ನಲ್ಲಿ ಆ ಕಡ್ಡಿ ತೆಳ್ಳಗೆ, ಉದ್ದಕ್ಕೆ ಸೀಳಿ, ಸುರುಳಿ ಸುತ್ತುತ್ತೆ. ಎಳೆಗಳು ಬಿಡಿಬಿಡಿ. ಹಾಗಾಗಿ ಮಳೆ ನೀರು ಚರ್ಮದ ತನಕ ಇಳಿಯುತ್ತೆ, ಒಣಗೋಕೆ ಹೊತ್ತು ಹಿಡಿಯುತ್ತೆ, ಕೊಳೆ ಅಂಟುತ್ತೆ, ಹಾರೋಕಂತೂ ಆಗೋದೇ ಇಲ್ಲ. ಉಳಿದ ವಿಷಯದಲ್ಲಿ ಇದು ಸಾಧಾರಣ ಹೆಬ್ಬಾತೇ. ಗಂಡು ಐದೂವರೆಯಿಂದ ಆರೂವರೆ ಕೆಜಿ, ಹೆಣ್ಣು ಒಂದು ಕೆಜಿ ಕಡಿಮೆ. ನೀವು ಖರ್ಚು ಮಾಡಬೇಕಾದ್ದು ಕಾಲಡಿಯ ನೆಲಕ್ಕೆ ಮತ್ತು ಸ್ನಾನದ ನೀರಿಗೆ, ಶೆಡ್ಡಿನ ಅಂದಕ್ಕಲ್ಲ.

ನೀರಿಗೆ: ಮೂರು ಅಡಿ ಅಗಲ, ಒಂದು ಅಡಿ ಎತ್ತರದ ಸಿಮೆಂಟ್ ರಿಂಗ್ ಒಂದು ತನ್ನಿ. ತಳಕ್ಕೆ ಕಾಂಕ್ರೀಟ್ ಹಾಕಿ, ತಳಮಟ್ಟದಲ್ಲೇ ಎರಡಿಂಚು ಪಿವಿಸಿ ಪೈಪ್ ಕೂರಿಸಿ, ಹೊರತುದಿಗೆ ಬಾಲ್ ವಾಲ್ವ್. ಸುಮಾರು 200 ಲೀಟರ್ ಹಿಡಿಯುತ್ತೆ. ಒಳಗೊಂದು, ಹೊರಗೊಂದು ಇಟ್ಟಿಗೆ ಮೆಟ್ಟಿಲು ಬೇಕೇ ಬೇಕು. ಗರಿ ನೆನೆದ ಹಕ್ಕಿ ಭಾರಕ್ಕೆ ಮೇಲೆ ಹತ್ತಲಾರದೆ ತೊಟ್ಟಿಯಲ್ಲೇ ಸುಸ್ತಾಗಿ ಬೀಳುತ್ತೆ. ವಾಲ್ವ್ ತಿರುಗಿಸಿದ ನೀರು ನೇರ ಅಡಿಕೆ ಬುಡಕ್ಕೆ ಹೋಗಲಿ, ಗೊಬ್ಬರದ ನೀರು ಅದು. ಮೂರು ಹಕ್ಕಿಗೆ ದಿನ ಬಿಟ್ಟು ದಿನ ಬದಲಿಸಿದ್ರೆ ನಡೆಯುತ್ತೆ, ಬೇಸಿಗೆಯಲ್ಲಿ ದಿನಾ. ಗಡಸು ನೀರಿಂದ ತೊಂದರೆ ಇಲ್ಲ. ಕಬ್ಬಿಣದ ಅಂಶ ಜಾಸ್ತಿ ಇದ್ರೆ ಮಾತ್ರ ಬಿಳಿ ಗರಿ ಕಂದಾಗುತ್ತೆ.

ತೊಟ್ಟಿ ಸುತ್ತ ಹತ್ತಡಿ ಹತ್ತಡಿ ಜಾಗದ ಎರೆಮಣ್ಣು ಅರ್ಧ ಅಡಿ ತೆಗೆಸಿ. 40 ಎಂಎಂ ಜಲ್ಲಿ 50 ಸಿಎಫ್‌ಟಿ (ಘನ ಅಡಿ) ತುಂಬಿಸಿ, ಮೇಲೆ ಹಳೆ ಶೇಡ್‌ನೆಟ್ ಹಾಸಿ, ಅದರ ಮೇಲೆ ಮೂರಿಂಚು ದಪ್ಪ ಮರಳು, ಅಂದ್ರೆ 25 ಸಿಎಫ್‌ಟಿ. ನೆಟ್ ಹಾಕದಿದ್ರೆ ಮರಳೆಲ್ಲ ಜಲ್ಲಿ ಸಂದಿಗೆ ಇಳಿದು, ಚೂಪು ಕಲ್ಲು ಮೇಲೆ ಬರುತ್ತೆ. ಅದರ ಮೇಲೆ ಓಡಾಡಿ ಪಾದದ ತಳ ಬಿರಿದು, ಕೀವು ತುಂಬಿ ಗಂಟು ಕಟ್ಟುತ್ತೆ. ತೊಟ್ಟಿ ಜಾಗದ ಇಳಿಜಾರು ಶೆಡ್‌ನಿಂದ ದೂರಕ್ಕಿರಲಿ.

ಜಗಳೂರು_ಮೆಕ್ಕೆಜೋಳ:
ಅಲ್ರಿ, ಇಷ್ಟೆಲ್ಲ ಯಾಕೆ? ಕೆರೆ ಏರಿ ಪಕ್ಕದೋರು ಕೆರೆಗೆ ಬಿಟ್ರೆ ಮುಗೀತಲ್ಲ. ತಾವೇ ಮೇಯ್ತವೆ, ತಾವೇ ತೊಳ್ಕೊಂತವೆ.

ರೆಕ್ಕೆಪುಕ್ಕ_ದಾವಣಗೆರೆ:
ನಾಟಿ ಬಾತಿಗೆ ಸರಿ, ಇದಕ್ಕಲ್ಲ. ದಡದ ಕೆಸರು ಗರಿಗೆ ಮೆತ್ತಿ ಒಣಗಿದ್ರೆ ಬಿಡಿಸುವಾಗ ಗರಿಯೇ ಮುರಿಯುತ್ತೆ. ನಾಯಿ ಬಂದ್ರೆ ಹಾರಿ ತಪ್ಪಿಸ್ಕೊಳ್ಳೋಕೆ ರೆಕ್ಕೆ ಇಲ್ಲ. ಚಳಿಗಾಲದಲ್ಲಿ ವಲಸೆ ಬಾತುಗಳು ನಮ್ಮ ಕೆರೆಗಳಿಗೆ ಇಳಿಯುತ್ತವೆ, ಅವುಗಳ ಹಿಕ್ಕೆಯಿಂದ ಹಕ್ಕಿಜ್ವರ ತಗುಲೋ ಅಪಾಯ ಬೇರೆ. 2025ರಲ್ಲಿ ಪಕ್ಕದ ಬಳ್ಳಾರಿ ಜಿಲ್ಲೆಯಲ್ಲೇ ಕಾಣಿಸಿಕೊಂಡಿತ್ತು.

ಹೊಳಲ್ಕೆರೆ_ತೋಟ:
ತೊಟ್ಟಿ ಅರ್ಥ ಆಯ್ತು ಅಣ್ಣಾ. ಕುಡಿಯೋಕೂ ಅದೇ ನೀರಾ?

ರೆಕ್ಕೆಪುಕ್ಕ_ದಾವಣಗೆರೆ:
ಬೇರೆ ಇಡಿ. 20 ಲೀಟರ್ ಕ್ಯಾನಿನ ಪಕ್ಕಕ್ಕೆ, ತಳದಿಂದ ಎಂಟಿಂಚು ಮೇಲೆ, ಐದಿಂಚು ಅಗಲದ ತೂತು ಕೊರೆದು ಅಂಚನ್ನು ಮರಳುಕಾಗದದಿಂದ ತಿಕ್ಕಿ ನುಣುಪು ಮಾಡಿ. ತಲೆ ಮಾತ್ರ ಒಳಗೆ ಹೋಗಬೇಕು. ಕಣ್ಣು, ಮೂಗಿನ ಹೊಳ್ಳೆ ಮುಳುಗಿಸಿ ತೊಳ್ಕೊಳ್ಳೋಕೆ ಆ ಆಳ ಬೇಕು. ಬಾಯಗಲದ ಬಕೆಟ್ ಇಟ್ರೆ ಎದೆ, ಕತ್ತು ದಿನವಿಡೀ ಒದ್ದೆ, ಎದೆಯ ಗರಿ ಹಳದಿ ತಿರುಗಿ ಉದುರುತ್ತೆ.

ಶೆಡ್ ಮೂರಕ್ಕೆ ಆರಡಿ ಎಂಟಡಿ. ಜಡಿಮಳೆಯಲ್ಲಿ ಎರಡು ದಿನ ಒಳಗೇ ಕೂಡಬೇಕಾಗುತ್ತೆ, ಅದಕ್ಕೆ ಸ್ವಲ್ಪ ಧಾರಾಳವಾಗಿ ಹೇಳ್ತಿದ್ದೀನಿ. ನೆಲ ಹೊರಗಿನ ಮಟ್ಟಕ್ಕಿಂತ ಒಂದಡಿ ಮೇಲೆ, ಕಾಂಕ್ರೀಟ್ ಹಾಕಿ, ಮೇಲೆ ನಾಲ್ಕಿಂಚು ಭತ್ತದ ಹೊಟ್ಟು. ಶೇಂಗಾ ಸಿಪ್ಪೆ ಅಗ್ಗಕ್ಕೆ ಸಿಗುತ್ತೆ ಅಂತ ಹಾಸಬೇಡಿ. ತೇವಕ್ಕೆ ಬೂಷ್ಟು ಹಿಡಿದು, ಅದರ ಧೂಳು ಶ್ವಾಸಕೋಶ ಹಾಳುಮಾಡುತ್ತೆ. ಬಾಗಿಲು ಮೂರಡಿ ಅಗಲ. ಇವು ಒಂದರ ಹಿಂದೆ ಒಂದು ಶಿಸ್ತಾಗಿ ಹೋಗೋ ಜಾತಿ ಅಲ್ಲ, ಒಟ್ಟಿಗೆ ನುಗ್ಗುತ್ತವೆ, ಚೌಕಟ್ಟಿಗೆ ರೆಕ್ಕೆ ಉಜ್ಜಿ ಉದ್ದ ಗರಿ ಕಿತ್ತು ಬರುತ್ತೆ. ಮೊಳೆ, ಕಟ್ಟುತಂತಿಯ ತುದಿ ಒಂದೂ ಹೊರಗೆ ಚಾಚಿರಬಾರದು. ಬೇಲಿ ಹೆಬ್ಬಾತನ್ನ ತಡೆಯೋಕೆ ಮೂರಡಿ ಸಾಕು, ನಾಯಿ ತಡೆಯೋಕೆ ಆರಡಿ ಬೇಕು. ಚೈನ್‌ಲಿಂಕ್ ಬುಡ ಮಣ್ಣಲ್ಲಿ ಒಂದಡಿ ಹೂತಿರಲಿ. ಮರಿ ಇದ್ದಾಗ ಮುಂಗುಸಿಗೋಸ್ಕರ ಕೆಳಗಿನ ಎರಡಡಿಗೆ ಅರ್ಧ ಇಂಚಿನ ಜಾಲರಿ ಸೇರಿಸಿ.

ಚಳ್ಳಕೆರೆ_ಗಾಣ:
ಮೇವಿನ ವಿಷಯಕ್ಕೆ ಬರೋಣ. ನಮ್ಮಲ್ಲಿ ಶೇಂಗಾ ಹಿಂಡಿಗೆ ಬರವಿಲ್ಲ. ಮೆಕ್ಕೆಜೋಳದ ನುಚ್ಚಿಗೆ ಅದನ್ನೇ ಕಾಲುಭಾಗ ಸೇರಿಸಿದ್ರೆ ಪ್ರೋಟೀನ್ ಚೆನ್ನಾಗಿ ಸಿಗುತ್ತೆ. ಸೋಯಾ ಯಾಕೆ ತರಬೇಕು?

ಪಶುವೈದ್ಯ_ಮಿತ್ರ:
ಚಳ್ಳಕೆರೆಯವರಿಗೆ ಬೇಜಾರಾಗಬಹುದು, ಆದರೂ ಹೇಳಲೇಬೇಕು. ಬಾತು ಮತ್ತು ಹೆಬ್ಬಾತಿನ ಮರಿಗಳು ಅಫ್ಲಾಟಾಕ್ಸಿನ್ ಎಂಬ ಬೂಷ್ಟಿನ ವಿಷಕ್ಕೆ ಕೋಳಿಗಿಂತ ಎಷ್ಟೋ ಪಾಲು ಬೇಗ ಬಲಿಯಾಗುತ್ತವೆ. ಕೋಳಿಗೆ ಏನೂ ಆಗದ ಮೇವಿನಲ್ಲೇ ಇವುಗಳ ಯಕೃತ್ತು ಕೆಡುತ್ತದೆ. ಆ ವಿಷ ಮಾಡುವ ಶಿಲೀಂಧ್ರ ಶೇಂಗಾ ಮತ್ತು ಮೆಕ್ಕೆಜೋಳ ಎರಡರಲ್ಲೂ ಬೆಳೆಯುತ್ತದೆ. ಬೂಷ್ಟು ಕಣ್ಣಿಗೆ ಕಾಣದಿದ್ದರೂ ವಿಷ ಇರಬಹುದು, ಹುರಿದರೂ ಬೇಯಿಸಿದರೂ ಪೂರ್ತಿ ಹೋಗುವುದಿಲ್ಲ. ಮರಿಗಳಿಗೆ ಶೇಂಗಾ ಹಿಂಡಿ ಒಂದು ಚಮಚವೂ ಬೇಡ. ಮಳೆಯಲ್ಲಿ ನೆನೆದು ರಸ್ತೆ ಮೇಲೆ ಒಣಗಿಸಿದ ಮೆಕ್ಕೆಜೋಳವನ್ನೂ ಹಾಕಬೇಡಿ. ಹಲ್ಲಲ್ಲಿ ಕಚ್ಚಿದರೆ ಟಕ್ಕೆಂದು ಒಡೆಯುವ, ಒಣಗಿದ ಕಾಳನ್ನೇ ಆರಿಸಿ. ಹತ್ತಿಕಾಳು ಹಿಂಡಿಯಲ್ಲಿ ಗಾಸಿಪಾಲ್ ಎಂಬ ವಿಷ ಇರುತ್ತದೆ, ಮೊಟ್ಟೆ ಇಡುವ ಹಕ್ಕಿಗೆ ಅದೂ ಬೇಡ.

ಮೊಟ್ಟೆ ಕಾಲದಲ್ಲಿ 10 ಕೆಜಿ ಮೇವಿಗೆ: ಮೆಕ್ಕೆಜೋಳದ ನುಚ್ಚು 5 ಕೆಜಿ, ಗೋಧಿ ಬೂಸಾ 2.3 ಕೆಜಿ, ಸೋಯಾ ಹಿಂಡಿ 1.9 ಕೆಜಿ, ಕಪ್ಪೆಚಿಪ್ಪಿನ ನುಚ್ಚು 500 ಗ್ರಾಂ, ಡಿಸಿಪಿ (ಡೈಕ್ಯಾಲ್ಸಿಯಂ ಫಾಸ್ಫೇಟ್) 200 ಗ್ರಾಂ, ಖನಿಜ ಮಿಶ್ರಣ 80 ಗ್ರಾಂ, ಉಪ್ಪು 20 ಗ್ರಾಂ. ಪ್ರೋಟೀನ್ ಹದಿನಾರು ಚಿಲ್ಲರೆ ಶೇಕಡಾ ಬರುತ್ತದೆ. ಮೊಟ್ಟೆ ನಿಂತ ಮೇಲೆ ಸೋಯಾ ಒಂದು ಕೆಜಿಗೆ ಇಳಿಸಿ ಬೂಸಾ ಏರಿಸಿ, ಚಿಪ್ಪಿನ ನುಚ್ಚನ್ನು ಬೇರೆ ಬಟ್ಟಲಲ್ಲಿಡಿ. ಹುಲ್ಲು ಚೆನ್ನಾಗಿದ್ದರೆ ತಲೆಗೆ ದಿನಕ್ಕೆ 150 ರಿಂದ 200 ಗ್ರಾಂ ಸಾಕು. ಕೊಬ್ಬಿದ ಹಕ್ಕಿಯಲ್ಲಿ ಮೊಟ್ಟೆ ಸಿಕ್ಕಿಕೊಳ್ಳುತ್ತದೆ. ಹುಲ್ಲೆಂದರೆ ಗರಿಕೆ, ಕುದುರೆ ಮಸಾಲೆ (ಲೂಸರ್ನ್), ಎಳೆಯ ಹುಲ್ಲು. ಬಲಿತ ನೇಪಿಯರ್ ದಂಟನ್ನು ಉದ್ದಕ್ಕೇ ಹಾಕಿದರೆ ನಾರು ಅನ್ನಚೀಲದಲ್ಲಿ ಗಂಟು ಕಟ್ಟುತ್ತದೆ, ಒಂದಿಂಚಿಗೆ ಕತ್ತರಿಸಿ ಹಾಕಿ. ಜೀರ್ಣಕ್ಕೆ ದಪ್ಪ ಮರಳು ಯಾವಾಗಲೂ ಇರಲಿ.

ಚಳ್ಳಕೆರೆ_ಗಾಣ:
ಬೇಜಾರೇನಿಲ್ಲ ಡಾಕ್ಟ್ರೇ. ಆದ್ರೆ ಮನೆ ಮುಂದಿನ ಗಾಣದಲ್ಲಿ ಅದೇ ದಿನ ತೆಗೆದ ಹಿಂಡಿಗೂ ಇದೇ ಮಾತಾ?

ಪಶುವೈದ್ಯ_ಮಿತ್ರ:
ಹಿಂಡಿ ತಾಜಾ ಇರಬಹುದು, ಕಾಯಿ ಗೋದಾಮಿನಲ್ಲಿ ಎಷ್ಟು ತಿಂಗಳು ಕೂತಿತ್ತು ಎನ್ನುವುದು ಪ್ರಶ್ನೆ. ಹೊಲದಲ್ಲಿ ಬರ ಬಿದ್ದಾಗಲೇ ಶಿಲೀಂಧ್ರ ಕಾಯಿಯೊಳಗೆ ಸೇರುವುದೂ ಉಂಟು. ದನಕ್ಕೆ ಹಾಕಿ, ಇವಕ್ಕೆ ಬೇಡ.

ಸಂತೇಬೆನ್ನೂರು_ಅಕ್ಕ:
ಅಡಿಕೆ ತೋಟ ಅಂದಿದ್ದಕ್ಕೆ ಒಂದು ಮಾತು. ಕೊಳೆರೋಗಕ್ಕೆ ಬೋರ್ಡೋ (ಮೈಲುತುತ್ತ, ಸುಣ್ಣದ ದ್ರಾವಣ) ಹೊಡೆಸೋ ದಿನ ಇವನ್ನ ತೋಟಕ್ಕೆ ಬಿಡಲೇಬೇಡಿ. ನೂರು ಲೀಟರಿಗೆ ಒಂದು ಕೆಜಿ ಮೈಲುತುತ್ತ ಇರುತ್ತೆ, ಗೊನೆಯಿಂದ ಸೋರಿದ್ದೆಲ್ಲ ಕೆಳಗಿನ ಹುಲ್ಲಿನ ಮೇಲೆ. ಇವು ಮೇಯೋದು ಅದೇ ಹುಲ್ಲು. ತಾಮ್ರದ ವಿಷ ಏರುತ್ತೆ. ಆ ಹುಲ್ಲು ಕೊಯ್ದು ಆಚೆ ಹಾಕಿ, ಹೊಸ ಚಿಗುರು ಬಂದ ಮೇಲೆ ಬಿಡಿ. ತೊಟ್ಟಿಗೂ ಅವತ್ತು ತಾಡಪಾಲು ಮುಚ್ಚಿ. ಗುಳಿಗೆ ಔಷಧಿ ಹಾಕಿದ ಬುಡಕ್ಕಂತೂ ಸೇರಿಸಲೇಬಾರದು, ಮರಳಿನ ಕಾಳು ಅಂದ್ಕೊಂಡು ಹೆಕ್ಕಿ ನುಂಗುತ್ತವೆ. ಡ್ರಿಪ್ ಮೈಕ್ರೋಟ್ಯೂಬ್ ಎಳೆದು ಅಗಿಯೋದು ಇವಕ್ಕೆ ಆಟ. ಬೇಲಿ ಕಟ್ಟಿದ ಮೇಲೆ ಬಿದ್ದ ತಂತಿ ತುಂಡು ಒಂದೊಂದೂ ಆರಿಸಿ ತೆಗೀರಿ, ಹೊಳೆಯೋದೆಲ್ಲ ಹೊಟ್ಟೆಗೆ ಹೋಗುತ್ತೆ. ಬೇಲಿ ಸಾಲಲ್ಲಿ ಕಣಗಿಲೆ, ಹರಳು ಇದ್ರೆ ಕಡಿಸಿಬಿಡಿ.

ಹೊಳಲ್ಕೆರೆ_ತೋಟ:
ಇದು ಯಾರೂ ಹೇಳಿರಲಿಲ್ಲ ಅಕ್ಕಾ, ತೋಟಕ್ಕೂ ಜಾಗಕ್ಕೂ ನಡುವೆ ಗೇಟೇ ಇಡ್ತೀನಿ. ಹಕ್ಕಿ ತರುವಾಗ ಅಸಲಿ ಅಂತ ಗುರುತಿಸೋದು ಹೇಗೆ? ಫೋಟೋದಲ್ಲಿ ಎಲ್ಲ ಒಂದೇ ಥರ ಕಾಣ್ತವೆ.

ಗರಿ_ಗುಂಗುರು:
ಫೋಟೋ ನೋಡಿ ದುಡ್ಡು ಹಾಕಬೇಡಿ, ಅಷ್ಟೇ. ನೆನೆದ ಬಿಳಿ ಹೆಬ್ಬಾತಿನ ಗರಿ ಕೆದರಿ ಫೋಟೋ ತೆಗೆದ್ರೆ ಹಾಗೇ ಕಾಣುತ್ತೆ.

ಕೈಗೆತ್ತಿಕೊಂಡು ಬೆನ್ನಿನ ಒಂದು ಉದ್ದ ಗರಿ ಬೆರಳಲ್ಲಿ ಹಿಡೀರಿ. ಕಡ್ಡಿ ಮೆತ್ತಗಿದ್ದು, ತಿರುಚಿದ ರಿಬ್ಬನ್ನಿನಂತೆ ಸುತ್ತಿರಬೇಕು. ನೇರ ಮಾಡಿ ಬಿಟ್ರೆ ಮತ್ತೆ ಸುರುಳಿ ಆಗಬೇಕು. ಬೆನ್ನು, ರೆಕ್ಕೆಯಿಂದ ಇಳಿದ ಗರಿ ನೆಲ ಮುಟ್ಟೋ ಹತ್ತಿರ ಇರುತ್ತೆ. ತಲೆ, ಕತ್ತಿನ ಗರಿ ಮಾತ್ರ ಮಾಮೂಲಿ ನುಣುಪು. ಬಿಳಿ ಹಕ್ಕಿಗೆ ನೀಲಿ ಕಣ್ಣು, ಕಿತ್ತಳೆ ಕೊಕ್ಕು, ಕಿತ್ತಳೆ ಕಾಲು. ಕೊಕ್ಕಿನ ಬುಡದಲ್ಲಿ ಉಬ್ಬು ಇದ್ರೆ ಚೀನೀ ಅಥವಾ ಆಫ್ರಿಕನ್ ಹೆಬ್ಬಾತಿನ ಬೆರಕೆ, ಬಿಟ್ಟುಬಿಡಿ. ಬೂದು, ಬಫ್ (ತಿಳಿ ಕಂದು ಹಳದಿ) ಬಣ್ಣದವೂ ಇವೆ, ಬಿಳಿ ಅಲ್ಲ ಅಂತ ನಕಲಿ ಅನ್ನೋಹಾಗಿಲ್ಲ. ಒಂದು ದಿನದ ಮರಿಯಲ್ಲಿ ಗುಂಗುರು ಕಾಣೋದಿಲ್ಲ. ಗರಿ ಮೂಡೋ ಐದಾರು ವಾರದ ಮೇಲೆ ನೋಡಿ ತಗೊಳ್ಳಿ.

ಇದರಲ್ಲೇ ಎರಡು ಬಗೆ: ಎದೆ ನುಣುಪು ಇರೋದು, ಎದೆ ತನಕ ಗುಂಗುರು ಇರೋದು. ಎಲ್ಲರೂ ಎರಡನೇದನ್ನೇ ಕೇಳ್ತಾರೆ. ಎದೆಗುಂಗುರಿಗೆ ಎದೆಗುಂಗುರೇ ಕೂಡಿಸ್ತಾ ಹೋದ್ರೆ ಪೀಳಿಗೆ ಕಳೆದಂತೆ ಗರಿಯ ಕಡ್ಡಿ ಬಲ ಕಳ್ಕೊಂಡು, ರೆಕ್ಕೆ ಬೋಳಾದಂತೆ ಆಗುತ್ತೆ. ಒಂದು ಬದಿ ನುಣುಪು ಎದೆ ಇರಲಿ. ನಾಟಿ ಹೆಬ್ಬಾತಿಗೆ ಕೂಡಿಸಿದ್ರೆ ಮೊದಲ ಪೀಳಿಗೆ ಬರೀ ಸಡಿಲ ಗರಿಯದ್ದು ಬರುತ್ತೆ, ಅದನ್ನೇ ಸೆಬಾಸ್ಟೊಪೋಲ್ ಅಂತ ಮಾರೋರಿದ್ದಾರೆ.

ಜಗಳೂರು_ಮೆಕ್ಕೆಜೋಳ:
ಮೊಟ್ಟೆ ಇಟ್ರೂ ಫಲ ಕಟ್ಟೋದಿಲ್ಲ ಅಂತಾರಲ್ಲ, ನಿಜಾನಾ? ಎಷ್ಟು ಇಡ್ತವೆ?

ಗರಿ_ಗುಂಗುರು:
ವರ್ಷಕ್ಕೆ 25 ರಿಂದ 35. ಕಟ್ಟದಿರೋಕೆ ಬಹುಪಾಲು ಕಾರಣ ಗರಿಯೇ. ಗುದದ ಸುತ್ತ ಪುಕ್ಕ ದಟ್ಟ, ಬೆನ್ನ ಮೇಲೆ ಉದ್ದ ಗರಿ. ಗಂಡು ಹತ್ತಿದ್ರೂ ಜಾರುತ್ತೆ, ಮುಟ್ಟಬೇಕಾದ್ದು ಮುಟ್ಟಲ್ಲ. ಮೊದಲ ಮೊಟ್ಟೆಗೂ ಮುಂಚೆಯೇ ಗಂಡು ಹೆಣ್ಣು ಎರಡಕ್ಕೂ ಗುದದ ಸುತ್ತ ಎರಡಿಂಚು ಪುಕ್ಕ ಕತ್ತರಿಸಿ. ಹೆಣ್ಣಿನ ಬೆನ್ನ ಹಿಂಭಾಗದ ಗರಿಯನ್ನ ಅರ್ಧಕ್ಕೆ ಇಳಿಸಿ. ಮೊಂಡು ತುದಿಯ ಕತ್ತರಿ ಬಳಸಿ, ಕೀಳಬೇಡಿ. ಬುಡ ಕಪ್ಪು ನೀಲಿ ಇದ್ದ ಗರಿ ಇನ್ನೂ ಬೆಳೀತಿರೋದು, ಒಳಗೆ ರಕ್ತ ಇರುತ್ತೆ, ಅದನ್ನ ಮುಟ್ಟಬೇಡಿ. ಈ ಜಾತಿಗೆ ನೀರಲ್ಲಿ ಕೂಡೋದು ಸಲೀಸು. ಆ ಕಾಲಕ್ಕೆ ಮೂರಡಿ ತೊಟ್ಟಿ ಸಾಲದು, ಆರಡಿ ಅಗಲದ್ದು ಒಂದು ಇಟ್ರೆ ಫಲ ಏರುತ್ತೆ. ಎರಡು ವರ್ಷ ತುಂಬದ ಹಕ್ಕಿ ಮೊಟ್ಟೆ ಮೇಲೆ ಆಸೆ ಇಟ್ಕೋಬೇಡಿ. ಮತ್ತೆ, ನಾಟಿ ಹೆಬ್ಬಾತಿನ ಗಂಡನ್ನ ಜೊತೆಗೆ ಬಿಡಬೇಡಿ. ಜಗಳದಲ್ಲಿ ಅದು ಇದರ ಗರಿ ಹಿಡಿದು ಎಳೆಯುತ್ತೆ, ಇದು ಎಂದಿಗೂ ಗೆಲ್ಲಲ್ಲ.

ಹರಿಹರ_ಇನ್‌ಕ್ಯುಬೇಟರ್:
ಮೊಟ್ಟೆಗೆ ಕಾವು ಕೊಡೋ ಮೆಷಿನ್ ವಿಷಯ ನಾನು ಹೇಳ್ತೀನಿ. ಫ್ಯಾನ್ ಇರೋ ಮೆಷಿನ್‌ನಲ್ಲಿ 37.5 ಡಿಗ್ರಿ, ತೇವಾಂಶ 50 ರಿಂದ 55. ಕೋಳಿ ಟ್ರೇಯಲ್ಲಿ ಇವು ಕೂರಲ್ಲ, ಅಡ್ಡ ಮಲಗಿಸಿ ದಿನಕ್ಕೆ ಮೂರರಿಂದ ಐದು ಸಲ ಪೂರ್ತಿ ಅರ್ಧ ಸುತ್ತು ತಿರುಗಿಸಬೇಕು. ಅರೆಬರೆ ವಾಲಿಸಿದ್ರೆ ಪೊರೆ ಚಿಪ್ಪಿಗೆ ಅಂಟುತ್ತೆ. ಎಂಟನೇ ದಿನದಿಂದ ದಿನಕ್ಕೊಮ್ಮೆ ಹತ್ತು ಹದಿನೈದು ನಿಮಿಷ ಹೊರಗಿಟ್ಟು ಆರಿಸಿ, ಉಗುರುಬೆಚ್ಚಗಿನ ನೀರು ಚಿಮುಕಿಸಿ ಮತ್ತೆ ಒಳಗಿಡಿ. ಕೊನೇ ಮೂರು ದಿನ ತಿರುಗಿಸೋದು ನಿಲ್ಲಿಸಿ ತೇವಾಂಶ 70ರ ಮೇಲೆ. ಮರಿ ಬರೋದು 28 ರಿಂದ 30 ದಿನಕ್ಕೆ.

ಬರೀ ತೇವಾಂಶದ ಮೀಟರ್ ನಂಬಬೇಡಿ, ತೂಕ ನೋಡಿ. ಇಟ್ಟ ದಿನ 160 ಗ್ರಾಂ ಇದ್ದ ಮೊಟ್ಟೆ ಒಡೆಯೋ ಹೊತ್ತಿಗೆ 139ರ ಆಸುಪಾಸು ಬಂದಿರಬೇಕು, ಶೇಕಡಾ ಹದಿಮೂರು ಇಳಿಕೆ. ಮಳೆಗಾಲದಲ್ಲಿ ಇಳಿಕೆ ಕಮ್ಮಿಯಾಗಿ ಮರಿ ಒಳಗೇ ನೀರು ತುಂಬಿ ಸಾಯುತ್ತೆ, ಆಗ ನೀರಿನ ಬಟ್ಟಲು ಚಿಕ್ಕದು ಮಾಡಿ. ಮಾರ್ಚ್ ಏಪ್ರಿಲ್‌ನಲ್ಲಿ ನಮ್ಮ ಒಣಹವೆಗೆ ಉಲ್ಟಾ. ಒಂದೆರಡು ಗಂಟೆ ಕರೆಂಟ್ ಹೋದ್ರೆ ಗಾಬರಿ ಬೀಳಬೇಡಿ, ಮುಚ್ಚಳ ತೆಗೀಬೇಡಿ, ಅಷ್ಟೇ. ತಾಯಿಹಕ್ಕಿಯೂ ಎದ್ದು ಮೇಯೋಕೆ ಹೋಗುತ್ತಲ್ಲ.

ಪಶುವೈದ್ಯ_ಮಿತ್ರ:
ಮರಿ ಬಂದ ಮೇಲಿನದ್ದು ನನ್ನ ಕಡೆಯಿಂದ. ಬ್ರೂಡರ್ (ಮರಿಗಳನ್ನು ಬೆಚ್ಚಗಿಡುವ ಗೂಡು) ಮೊದಲ ವಾರ 32 ಡಿಗ್ರಿ, ಆಮೇಲೆ ವಾರಕ್ಕೆ ಮೂರು ಡಿಗ್ರಿ ಇಳಿಸಿ. ಏಪ್ರಿಲ್‌ನಲ್ಲಿ ಹಗಲು ಬಲ್ಬೇ ಬೇಡ, ಅದೇ ಮರಿಗಳನ್ನು ಕೊಲ್ಲುತ್ತದೆ. ದಿನಪತ್ರಿಕೆ ಹಾಸಿದರೆ ಜಾರಿ ಕಾಲು ಅಗಲವಾಗಿ ಬಿಡುತ್ತದೆ. ಒರಟು ಗೋಣಿ ಅಥವಾ ರಬ್ಬರ್ ಮ್ಯಾಟ್ ಹಾಕಿ.

ಮೇವು 10 ಕೆಜಿಗೆ ಮೆಕ್ಕೆಜೋಳ 5, ಸೋಯಾ 3.3, ಗೋಧಿ ಬೂಸಾ 1.3, ಉಳಿದ 400 ಗ್ರಾಂನಲ್ಲಿ ಡಿಸಿಪಿ 200, ಸುಣ್ಣಕಲ್ಲಿನ ಪುಡಿ 100, ಖನಿಜ ಮಿಶ್ರಣ 80, ಉಪ್ಪು 20. ಸುಮಾರು ಶೇಕಡಾ 21 ಪ್ರೋಟೀನ್. ಇದಕ್ಕೆ ನಯಾಸಿನ್ (ಒಂದು ಬಿ ವಿಟಮಿನ್) ಸೇರಿಸಲೇಬೇಕು, 10 ಕೆಜಿಗೆ 600 ಮಿಲಿಗ್ರಾಂ. ಮೆಕ್ಕೆಜೋಳದಲ್ಲಿರುವ ನಯಾಸಿನ್ ಬಹುಪಾಲು ಹಕ್ಕಿಯ ಮೈಗೆ ಹತ್ತುವುದಿಲ್ಲ. ಕೊರತೆಯಾದರೆ ಹಿಮ್ಮಡಿಯ ಗಂಟು ಊದಿ, ಕಾಲು ಬಿಲ್ಲಾಗಿ ಬಾಗುತ್ತದೆ. ಕೋಳಿಯ ಸ್ಟಾರ್ಟರ್ ಫೀಡ್ ತರುವವರು ರಕ್ತಭೇದಿ ತಡೆಯುವ ಔಷಧಿ ಬೆರೆಸದ್ದನ್ನೇ ಕೇಳಿ ತನ್ನಿ. ಈ ಮರಿಗಳು ಕೋಳಿಮರಿಗಿಂತ ಹೆಚ್ಚು ತಿನ್ನುವುದರಿಂದ ಔಷಧಿಯ ಪ್ರಮಾಣ ಮೀರುತ್ತದೆ.

ಮೂರು ವಾರಕ್ಕೆ ಸರಿಯಾಗಿ ಪ್ರೋಟೀನ್ 15 ರಿಂದ 16ಕ್ಕೆ ಇಳಿಸಿ, ಹುಲ್ಲು ಏರಿಸಿ. ಇಳಿಸದಿದ್ದರೆ ರೆಕ್ಕೆಯ ಗರಿ ಮೂಳೆಗಿಂತ ಬೇಗ ಬೆಳೆದು, ಅದರ ಭಾರಕ್ಕೆ ಕೊನೆಯ ಗಿಣ್ಣು ಹೊರಕ್ಕೆ ತಿರುಗುತ್ತದೆ. ಸಾಮಾನ್ಯ ಹೆಬ್ಬಾತಿನಲ್ಲಿ ಇದು ದೂರದಿಂದಲೇ ಕಾಣುತ್ತದೆ, ಸೆಬಾಸ್ಟೊಪೋಲ್‌ನಲ್ಲಿ ಗರಿ ಮೊದಲೇ ಸೊಟ್ಟ ಇರುವುದರಿಂದ ಗೊತ್ತಾಗುವುದಿಲ್ಲ. ಮೂರರಿಂದ ಆರನೇ ವಾರದ ತನಕ ದಿನವೂ ರೆಕ್ಕೆ ಬಿಡಿಸಿ, ಕೊನೆಯ ಗಿಣ್ಣನ್ನು ಬೆರಳಲ್ಲೇ ಮುಟ್ಟಿ ನೋಡಿ. ತಿರುಗಿದ್ದು ಕಂಡ ಅಂದೇ ರೆಕ್ಕೆಯನ್ನು ಸಹಜವಾಗಿ ಮಡಚಿ, ಗರಿಗೆ ಅಂಟದ ಬ್ಯಾಂಡೇಜ್‌ನಿಂದ ಮೂರು ನಾಲ್ಕು ದಿನ ಸುತ್ತಿ. ರೆಕ್ಕೆಯನ್ನಷ್ಟೇ ಸುತ್ತಿ, ಎದೆ ಬಿಗಿಯಬೇಡಿ. ಮೂಳೆ ಬಲಿತ ಮೇಲೆ ಏನು ಕಟ್ಟಿದರೂ ವ್ಯರ್ಥ.

ಬಾತು ಪ್ಲೇಗ್ ಎಂಬ ವೈರಸ್ ರೋಗ ಹೆಬ್ಬಾತಿಗೂ ಬರುತ್ತದೆ. ಲಸಿಕೆಗೆ ನಿಮ್ಮ ತಾಲ್ಲೂಕು ಪಶು ಆಸ್ಪತ್ರೆಯಲ್ಲಿ ಮೊದಲೇ ಹೇಳಿಡಿ. ಜಂತಿನ ಔಷಧಿಯಲ್ಲೂ ಒಂದು ಎಚ್ಚರ: ಗರಿ ಉದುರಿ ಹೊಸದು ಮೂಡುವ ಕಾಲದಲ್ಲಿ ಫೆನ್‌ಬೆಂಡಜೋಲ್ ಕೊಟ್ಟರೆ ಹೊಸ ಗರಿ ವಿಕಾರವಾಗಿ ಬರುವುದುಂಟು. ಗರಿಗಾಗಿಯೇ ಸಾಕುವ ಹಕ್ಕಿಗೆ ಅದಕ್ಕಿಂತ ನಷ್ಟ ಇನ್ನೇನು? ಬೇರೆ ಔಷಧಿ ಬರೆಸಿಕೊಳ್ಳಿ.

ಸಂತೇಬೆನ್ನೂರು_ಅಕ್ಕ:
ಹುಳ ಬೀಳೋದರ ಬಗ್ಗೆಯೂ ಹೇಳಿ ಡಾಕ್ಟ್ರೇ. ಮಳೆಗಾಲದಲ್ಲಿ ಅದೇ ದೊಡ್ಡ ಕಾಟ.

ಪಶುವೈದ್ಯ_ಮಿತ್ರ:
ಹೌದು. ಹಿಕ್ಕೆ ಮೆತ್ತಿದ ಒದ್ದೆ ಪುಕ್ಕದಲ್ಲಿ ನೊಣ ಮೊಟ್ಟೆ ಇಟ್ಟರೆ ಒಂದು ದಿನದೊಳಗೆ ಹುಳ ಚರ್ಮ ಕೊರೆಯುತ್ತದೆ. ಮೇಲಿನಿಂದ ಕಾಣುವುದಿಲ್ಲ. ಹಕ್ಕಿ ಪದೇಪದೇ ಬಾಲ ಅದುರಿಸುತ್ತದೆ, ಕೆಟ್ಟ ವಾಸನೆ ಬರುತ್ತದೆ, ಅದೇ ಸುಳಿವು. ಪುಕ್ಕ ಕತ್ತರಿಸಿ, ಉಪ್ಪುನೀರಿನಲ್ಲಿ ತೊಳೆದು, ಚಿಮುಟದಲ್ಲಿ ಹುಳ ಒಂದೂ ಬಿಡದೆ ತೆಗೆದು, ತೆಳು ಚಹಾದ ಬಣ್ಣಕ್ಕೆ ಬರುವಷ್ಟು ನೀರು ಬೆರೆಸಿದ ಪೊವಿಡೋನ್ ಅಯೋಡಿನ್‌ನಿಂದ ಮತ್ತೆ ತೊಳೆಯಿರಿ. ದನದ ಗಾಯಕ್ಕೆ ಹಾಕುವ ಟರ್ಪಂಟೈನ್ ಎಣ್ಣೆಯನ್ನು ಹಾಕಬೇಡಿ. ಹಕ್ಕಿ ಕೊಕ್ಕಿನಿಂದ ಗರಿ ಬಾಚುವಾಗ ಅದು ಹೊಟ್ಟೆಗೆ ಹೋಗುತ್ತದೆ. ಒಣಗುವ ತನಕ ಶೆಡ್ಡಿನ ಒಳಗೆ, ನೊಣ ಬಾರದಂತೆ ಇಡಿ. ಗಾಯ ಆಳವಿದ್ದರೆ ಆಸ್ಪತ್ರೆಗೆ ಒಯ್ಯಿರಿ.

ಹೊಳಲ್ಕೆರೆ_ತೋಟ:
ಬೇಸಿಗೆಗೆ ತಗಡಿನ ಶೀಟ್ ಹಾಕಿದ್ರೆ?

ರೆಕ್ಕೆಪುಕ್ಕ_ದಾವಣಗೆರೆ:
ಎಂಟಡಿ ಎತ್ತರಕ್ಕೆ ಹಾಕಿ, ಮೇಲೆ ಅಡಿಕೆ ಸೋಗೆ ಒಂದಡಿ ದಪ್ಪ ಹೊದಿಸಿ. ನಾಲ್ಕೂ ಕಡೆ ಮೂರಡಿ ಮೇಲಕ್ಕೆ ಬರೀ ಜಾಲರಿ ಇರಲಿ, ಗಾಳಿ ಆಡಬೇಕು. ತೊಟ್ಟಿ ಹೊಂಗೆ ಅಥವಾ ಬೇವಿನ ನೆರಳಲ್ಲಿ, ಇಲ್ಲದಿದ್ರೆ 75 ಪರ್ಸೆಂಟ್ ಶೇಡ್‌ನೆಟ್. ಮೇವು ಬೆಳಿಗ್ಗೆ ಆರಕ್ಕೆ, ಸಂಜೆ ಐದರ ಮೇಲೆ. ಕೊಕ್ಕು ತೆರೆದು ರೆಕ್ಕೆ ಇಳಿಬಿಟ್ಟು ನಿಂತ್ರೆ ಕಾಲು ಮತ್ತು ಪಾದ ನೀರಲ್ಲಿ ನಿಲ್ಲಿಸಿ. ಸಂಜೆ ನಾಲ್ಕರ ಮೇಲೆ ಸ್ನಾನ ಬೇಡ, ರಾತ್ರಿ ಒದ್ದೆ ಗರಿಯಲ್ಲೇ ಮಲಗುತ್ತವೆ. ಹಿಕ್ಕೆ ಬಿದ್ದು ಕೊಳೆತ ನೀರು ಬಿಸಿಲಿಗೆ ನಿಂತ್ರೆ ಬಾಟುಲಿಸಂ ಅನ್ನೋ ಪಾರ್ಶ್ವವಾಯು ಬರುತ್ತೆ, ಹಕ್ಕಿಯ ಕತ್ತು ಜೋತುಬೀಳುತ್ತೆ. ಅದಕ್ಕೇ ವಾಲ್ವ್ ತಳಮಟ್ಟದಲ್ಲೇ ಇರಲಿ ಅಂದಿದ್ದು, ಒಂದಿಂಚು ಮೇಲೆ ಕೂರಿಸಿದ್ರೂ ಗಸಿ ಉಳಿಯುತ್ತೆ.

ಜಗಳೂರು_ಮೆಕ್ಕೆಜೋಳ:
ಕೊನೇದಾಗಿ ಒಂದು. ಮೆಷಿನ್ ಇಲ್ದೋರು ಕಾವು ಕೂತ ನಾಟಿ ಕೋಳಿ ಕೆಳಗೆ ಇಡಬಹುದೇನ್ರಿ?

ಹರಿಹರ_ಇನ್‌ಕ್ಯುಬೇಟರ್:
ಇಡಬಹುದು. ದೊಡ್ಡ ಕೋಳಿಗೆ ನಾಲ್ಕು ಮೊಟ್ಟೆ, ಸಣ್ಣದಕ್ಕೆ ಮೂರು. ಆ ಭಾರದ ಮೊಟ್ಟೆಯನ್ನ ಕೋಳಿ ತಾನೇ ತಿರುಗಿಸಲಾರದು, ಒಂದು ಬದಿಗೆ ಪೆನ್ಸಿಲ್ ಗೀಟು ಹಾಕಿ ದಿನಕ್ಕೆ ಮೂರು ಸಲ ನೀವೇ ತಿರುಗಿಸಿ. ಕೋಳಿ 21 ದಿನಕ್ಕೆ ಬೇಸತ್ತು ಏಳೋದುಂಟು, ಅದಕ್ಕೆ ಕಾವಿಗೆ ಹೊಸದಾಗಿ ಕೂತಿದ್ದನ್ನೇ ಆರಿಸಿ. ಕಾವಿನ ಕೋಳಿಗೆ ಮೊದಲೇ ಹೇನು ಪುಡಿ ಹಾಕಿ, ಅದರ ಹೇನು ಮರಿಗೆ ಹತ್ತಬಾರದು. ಮರಿ ಆದ ಮೇಲೆ ಅವು ನೀರಿಗೆ ಇಳಿಯೋದಕ್ಕೆ ಬಿಡಬೇಡಿ. ಗರಿಗೆ ಎಣ್ಣೆ ಹಚ್ಚೋ ತಾಯಿ ಇಲ್ಲ, ನೆನೆದು ಚಳಿ ಹಿಡಿದು ಸಾಯುತ್ತವೆ.